ನಿಮಗಿದು ಗೊತ್ತೆ? ಮೌನವಾಗಿದ್ದ ಚಂದ್ರಯಾನವನ್ನು ಹುಡುಕಿಕೊಟ್ಟ ಮಾರ್ದನಿ

ಸುಮಾರು ಏಳು ವರ್ಷ ಸದ್ದೇ ಇಲ್ಲದಿದ್ದ ಚಂದ್ರಯಾನ-1 ನೌಕೆ ಮತ್ತೆ ಸಿಕ್ಕಿದ್ದು ರೇಡಿಯೊ ಮಾರ್ದನಿಯಿಂದ! ಬೆಂಗಳೂರಿನ ಹೊರವಲಯದ ಬ್ಯಾಲಾಳು ಕೇಂದ್ರದೊಂದಿಗೆ ಅದರ ಸಂಪರ್ಕ ಕಡಿದದ್ದು 2009ರ ಆಗಸ್ಟ್ 29ರಂದು. 2016ರ ಜುಲೈನಲ್ಲಿ ಅಮೆರಿಕದ ಗೋಲ್ಡ್‌ಸ್ಟೋನ್‌ನ 70 ಮೀಟರ್ ಆಂಟೆನಾ ಚಂದ್ರನ ಉತ್ತರ ಧ್ರುವದ ಮೇಲ್ಭಾಗಕ್ಕೆ ಸೂಕ್ಷ್ಮತರಂಗಗಳನ್ನು ಹಾಯಿಸಿತು. ಸುಮಾರು ಎರಡೂವರೆ ಸೆಕೆಂಡಿನಲ್ಲಿ ಮರಳಿದ ಕ್ಷೀಣ ಮಾರ್ದನಿಯನ್ನು ಅದೇ ದೇಶದ ಗ್ರೀನ್ ಬ್ಯಾಂಕ್‌ನ 100 ಮೀಟರ್ ರೇಡಿಯೊ ದೂರದರ್ಶಕ ಹಿಡಿಯಿತು. ನೌಕೆ ಉತ್ತರ ಕೊಡಬೇಕಾಗಿರಲಿಲ್ಲ. ಅದರ ಮೈಗೆ ಅಲೆ ತಾಗಿ ಹಿಂದಿರುಗಿದರೆ ಸಾಕಿತ್ತು.

ಇಷ್ಟು ದೂರದಲ್ಲಿರುವ, ಬದಿಗೆ ಒಂದೂವರೆ ಮೀಟರಿನಷ್ಟೇ ಇರುವ ಪೆಟ್ಟಿಗೆಯನ್ನು ಗುರುತಿಸುವುದು ಹೇಗೆ? ಬಂದದ್ದು ಚಂದ್ರನ ನೆಲದ ಮಾರ್ದನಿಯೇ ಇರಬಹುದಲ್ಲ? ಸಂದೇಹ ಸಹಜ. ಅದಕ್ಕೆ ಉತ್ತರ ಗಡಿಯಾರದಲ್ಲಿದೆ. ಧ್ರುವಗಳ ಮೇಲೆ ಹಾಯುವ ಚಂದ್ರಯಾನ-1ಕ್ಕೆ ಒಂದು ಸುತ್ತು ಮುಗಿಸಲು 2 ಗಂಟೆ 8 ನಿಮಿಷ ಬೇಕು. ನಾಲ್ಕು ಗಂಟೆಗಳ ವೀಕ್ಷಣೆಯಲ್ಲಿ ಮಾರ್ದನಿ ಎರಡು ಬಾರಿ ಬಂತು. ನಡುವಿನ ಅಂತರ ಈ ಲೆಕ್ಕಕ್ಕೆ ಸರಿಹೊಂದಿತು. ನೆಲದ ಮಾರ್ದನಿಯಾಗಿದ್ದರೆ ಹೀಗೆ ಸಮಯ ಹಿಡಿದು ಬಂದು ಹೋಗುತ್ತಿರಲಿಲ್ಲ. ಅದು ಒಂದು ದಿನದ ಆಕಸ್ಮಿಕವೂ ಅಲ್ಲ: ಮೂರು ತಿಂಗಳಲ್ಲಿ ಇನ್ನೂ ಏಳು ಬಾರಿ ನೌಕೆ ಲೆಕ್ಕ ಹಾಕಿದ ಜಾಗದಲ್ಲೇ ಕಂಡಿತು. ಚಂದ್ರನ ಸುತ್ತ ನೌಕೆಗಳು ಹೆಚ್ಚುತ್ತಿರುವಾಗ, ಡಿಕ್ಕಿ ತಪ್ಪಿಸಲು ಈ ವಿಧಾನ ನೆರವಾಗಬಹುದು.