ಸೇಡಂ ರಸ್ತೆಯೊಳಗೆ ಒಂದು ಸಮುದ್ರ, ಒಂದು ಕಾಡು

ಸೇಡಂ, ಚಿತ್ತಾಪುರ ಸೀಮೆಯ ಯಾವುದೇ ಹಳ್ಳಿಯ ಸಿಸಿ ರಸ್ತೆ ತೆಗೆದುಕೊಳ್ಳಿ. ಯಾರೂ ತಿರುಗಿ ನೋಡದ ಬೂದು ಬಣ್ಣದ ರಸ್ತೆ. ಅದರ ಹೊಟ್ಟೆಯಲ್ಲಿ ಏನಿದೆ ಗೊತ್ತೇ? ಒಂದು ಸಮುದ್ರವಿದೆ! ಬೂದಿ ಬೆರೆತ ಪಿಪಿಸಿ ಸಿಮೆಂಟಿನಲ್ಲಿ ಹಾಕಿದ್ದಾದರೆ ಒಂದು ಕಾಡೂ ಇದೆ!

ಶಹಾಬಾದಿನ ಪರ್ಸಿ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದಲ್ಲ, ಅದು ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಹಾಗೇ ಪದರ ಪದರವಾಗಿ ಕೂತ ಗುರುತು. ಆಗ ನೆಲದ ಮೇಲೆ ಒಂದು ಗಿಡವೂ ಹುಟ್ಟಿರಲಿಲ್ಲ. ಆ ಸುಣ್ಣಕಲ್ಲೇ ವಾಡಿ, ಮಳಖೇಡ, ಸೇಡಂಗಳ ಗೂಡುಗಳಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿಗೆ ಬೆಂದು ಕ್ಲಿಂಕರ್ ಆಗುತ್ತದೆ; ಅದನ್ನು ಅರೆದರೆ ಸಿಮೆಂಟು.

ಇನ್ನು ಕಾಡು. 25 ಕೋಟಿ ವರ್ಷಕ್ಕೂ ಹಿಂದೆ ಜೌಗಿನಲ್ಲಿ ಬೆಳೆದು ಬಿದ್ದ ಮರಗಳು ಕಲ್ಲಿದ್ದಲಾದವು. ರಾಯಚೂರಿನ ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳಲ್ಲಿ ಅದು ಉರಿದ ಮೇಲೆ, ಆ ಮರಗಳ ನಡುವೆ ಸೇರಿಕೊಂಡಿದ್ದ ಮಣ್ಣು ಹಾರುಬೂದಿಯಾಗಿ ಉಳಿಯುತ್ತದೆ. ಒಂದು ಚಿಟಿಕೆ ಬೂದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಣ್ಣು ಅರಳುತ್ತದೆ: ತುಂಬ ಗಾಜಿನ ಗುಂಡುಗಳು, ನುಣುಪಾಗಿ, ದುಂಡಗೆ, ಕೆಲವು ಒಳಗೆ ಟೊಳ್ಳು! ಪಿಪಿಸಿ ಸಿಮೆಂಟಿನಲ್ಲಿ ನೂರಕ್ಕೆ 15ರಿಂದ 35 ಪಾಲು ಇದೇ ಬೂದಿ. ಸಿಮೆಂಟು ನೀರು ಕುಡಿದಾಗ ಬಿಡುವ ಸುಣ್ಣವನ್ನು ಈ ಗುಂಡುಗಳು ಹಿಡಿದುಕೊಂಡು ಮೆಲ್ಲಗೆ ಕಲ್ಲಾಗುತ್ತವೆ. ಗುತ್ತಿಗೆದಾರ ಬಿಲ್ಲು ತೆಗೆದುಕೊಂಡು ಹೋದ ಮೇಲೂ ತಿಂಗಳುಗಟ್ಟಲೆ ರಸ್ತೆ ಒಳಗೊಳಗೇ ಗಟ್ಟಿಯಾಗುತ್ತಿರುತ್ತದೆ. ನೀರು ಹಾಯಿಸುವುದರಲ್ಲಿ ಜುಗ್ಗತನ ಮಾಡಿದರೆ ಮಾತ್ರ ಈ ವಿಸ್ಮಯವೆಲ್ಲ ಮಣ್ಣುಪಾಲು.

ರಸ್ತೆಯ ಹೊಟ್ಟೆಗೆ ಇಂದಿನ ಕಸವೂ ಸೇರುತ್ತದೆ: ಮರುಬಳಕೆಗೆ ಬಾರದ ಪ್ಲಾಸ್ಟಿಕ್, ಹೊಲದ ಕಸ ಕೂಡ ಸಿಮೆಂಟ್ ಗೂಡುಗಳಲ್ಲಿ ಕಲ್ಲಿದ್ದಲಿನ ಜೊತೆ ಉರಿಯುತ್ತವೆ. ಅವುಗಳ ಬೂದಿಯನ್ನು ಎಲ್ಲಿಗೂ ಹೊತ್ತು ಹಾಕಬೇಕಿಲ್ಲ, ಕ್ಲಿಂಕರಿನಲ್ಲೇ ಕರಗಿಹೋಗುತ್ತದೆ!

ಡಾಂಬರಿನ ಕಥೆ ಇದಕ್ಕೂ ಹೊಸದು. 2024ರ ಡಿಸೆಂಬರಿನಲ್ಲಿ ನಾಗಪುರ–ಮನಸರ ನಡುವೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಬೆಳೆಯ ಕಸದಿಂದ ತೆಗೆದ ಲಿಗ್ನಿನ್ ಬೆರೆಸಿದ ಡಾಂಬರಿನ ರಸ್ತೆ ಬಳಕೆಗೆ ಬಂತು. ನಮ್ಮ ಬೆಂಗಳೂರನ್ನು ಹಾಯುವುದೂ ಅದೇ ಹೆದ್ದಾರಿ. ಗಿಡವನ್ನು ನೆಟ್ಟಗೆ ನಿಲ್ಲಿಸುವ ಬಿಗಿ ಅಂಟೇ ಲಿಗ್ನಿನ್. ಚಿಂಚೋಳಿ ಹೊಲಗಳಲ್ಲಿ ತೊಗರಿ ಕೊಯ್ದ ಮೇಲೆ ನಡೆದವರಿಗೆ ಅದರ ಪರಿಚಯವಿದೆ: ಚಪ್ಪಲಿ ತೂರಿ ಅಂಗಾಲಿಗೆ ಚುಚ್ಚುವ ಆ ಕೂಳೆಯ ಗಟ್ಟಿತನ ಅದರದೇ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬೇಳೆಗೆ ಸಿಕ್ಕ ಮರ್ಯಾದೆ ಕಟ್ಟಿಗೆಗೆ ಇನ್ನೂ ಸಿಗಬೇಕಿದೆ.

ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನಮ್ಮ ಎರೆಭೂಮಿ ಎಂಥ ರಸ್ತೆಯನ್ನೂ ಸೀಳುತ್ತದೆ. ಅದಕ್ಕೂ ಮದ್ದು ಇಲ್ಲೇ ಇದೆ: ಎರೆಮಣ್ಣಿಗೆ ಸುಣ್ಣ ಬೆರೆಸಿದರೆ ಉಬ್ಬುವ ಚಟ ತಗ್ಗುತ್ತದೆ. ಕೆಳಗೆ ಸುಣ್ಣ, ಮೇಲೆ ತೊಗರಿ ಕಟ್ಟಿಗೆಯ ಡಾಂಬರು. ಮುಂದಿನ ರಾಶಿಯ ಹೊತ್ತಿಗೆ ಚಿಂಚೋಳಿ ದಾರಿಯಲ್ಲಿ ಒಂದೇ ಒಂದು ಕಿಲೋಮೀಟರ್ ಹಾಕಿ ನೋಡಬಾರದೇ?