ಗೋಡೆ ತೆಗೆದ ಮೇಲೆ ಹೊಗೆಗೆ ತಡೆ ಯಾವುದು?

ಅಡ್ಡಗೋಡೆಗಳಿಲ್ಲದ ವಿಶಾಲ ಹಜಾರ, ಹಲವು ಮಹಡಿಗಳ ಎತ್ತರಕ್ಕೆ ತೆರೆದುಕೊಂಡ ಗಾಜಿನ ಚಾವಣಿಯ ನಡುವಂಗಳ, ಎರಡು ಮಹಡಿಗಳನ್ನು ಬೆಸೆಯುವ ತೆರೆದ ಮೆಟ್ಟಿಲು ಇವೆಲ್ಲ ಇಂದಿನ ಕಚೇರಿ ಕಟ್ಟಡದ ಗುರುತುಗಳಾಗಿವೆ. ಆದರೆ ಅಗ್ನಿಸುರಕ್ಷತಾ ಶಾಸ್ತ್ರ ಬಹುಕಾಲದಿಂದ ನೆಚ್ಚಿಕೊಂಡು ಬಂದಿರುವುದು ಇದಕ್ಕೆ ತದ್ವಿರುದ್ಧವಾದ ತತ್ತ್ವವನ್ನು. ಶಾಖವನ್ನು ತಾಳಿಕೊಳ್ಳುವ ಗೋಡೆ, ನೆಲ, ಬಾಗಿಲುಗಳಿಂದ ಕಟ್ಟಡವನ್ನು ವಿಭಾಗಗಳಾಗಿ ಒಡೆದು, ಬೆಂಕಿ ಎಲ್ಲಿ ಹುಟ್ಟಿತೋ ಅಲ್ಲಿಯೇ ಅದನ್ನು ಒಂದೆರಡು ಗಂಟೆ ಹಿಡಿದಿಟ್ಟು, ಅಷ್ಟರೊಳಗೆ ಜನರನ್ನು ಹೊರಗೆ ಕಳಿಸುವುದು ಅದರ ಸಾರ.

ಏಟ್ರಿಯಂ ಎಂದು ಕರೆಯಲಾಗುವ ನಡುವಂಗಳ ಮೇಲ್ನೋಟಕ್ಕೆ ನಮ್ಮ ತೊಟ್ಟಿಮನೆಯ ತೊಟ್ಟಿಯನ್ನು ಹೋಲುತ್ತದೆಯಾದರೂ ತೊಟ್ಟಿಯ ಮೇಲೆ ಆಕಾಶವಿರುತ್ತದೆ, ಹೊಗೆ ತಾನಾಗಿಯೇ ಹೊರಟುಹೋಗುತ್ತದೆ. ಏಟ್ರಿಯಂನ ನೆತ್ತಿ ಮುಚ್ಚಿರುವುದರಿಂದ ಹೊಗೆ ಅಲ್ಲಿಯೇ ಶೇಖರವಾಗಿ, ಮೇಲಿನ ಮಹಡಿಗಳ ಕಡೆಗೆ ಇಳಿಯತೊಡಗುತ್ತದೆ. ಇದಲ್ಲದೆ, ಬಿಸಿ ಹೊಗೆ ಮೇಲೇರುತ್ತಾ ಸುತ್ತಲಿನ ಗಾಳಿಯನ್ನು ಸೆಳೆದುಕೊಳ್ಳುವುದರಿಂದ, ಚಾವಣಿ ಎತ್ತರವಾದಷ್ಟೂ ಹೊಗೆಯ ಗಾತ್ರ ಹಿಗ್ಗುತ್ತದೆ, ಶಾಖ ಕುಗ್ಗುತ್ತದೆ. ಸಾಮಾನ್ಯವಾಗಿ 68 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಾಜಿನ ಬುರುಡೆ ಒಡೆದು ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳು ಅಷ್ಟು ಎತ್ತರದಲ್ಲಿ ಸಕಾಲಕ್ಕೆ ಕೆಲಸ ಮಾಡದೆ ಹೋಗಬಹುದು. ಆದ್ದರಿಂದ ಹೊಗೆಯನ್ನು ಮೇಲಿನಿಂದ ಹೊರದೂಡುವ ಫ್ಯಾನ್‌, ಕೆಳಗಿನಿಂದ ತಾಜಾ ಗಾಳಿ ಬರುವ ದಾರಿ, ಅಪಾಯದ ಹೊತ್ತಿನಲ್ಲಿ ಮಹಡಿಯ ಅಂಚಿಗೆ ಇಳಿಯುವ ಹೊಗೆಪರದೆ ಇವು ಒಟ್ಟಾಗಿ ಗೋಡೆಯ ಕೆಲಸ ಮಾಡಬೇಕಾಗುತ್ತದೆ.

ತೆರೆದ ವಿನ್ಯಾಸ ತನ್ನಷ್ಟಕ್ಕೆ ಅಪರಾಧವಲ್ಲ. ಗೋಡೆಗೆ ವಿದ್ಯುತ್ ಬೇಕಿಲ್ಲ, ವಾರ್ಷಿಕ ತಪಾಸಣೆಯೂ ಅಷ್ಟಾಗಿ ಬೇಕಿಲ್ಲ. ಗೋಡೆಯ ಬದಲಿಗೆ ಬಂದ ಯಂತ್ರವ್ಯವಸ್ಥೆಗೆ ಇವೆರಡೂ ಬೇಕು ಎಂಬುದನ್ನು ಮರೆತಾಗ ಮಾತ್ರ ಆ ವಿನ್ಯಾಸ ಅಪಾಯಕಾರಿಯಾಗುತ್ತದೆ. 1988ರ ಮೇ 4ರ ರಾತ್ರಿ ಲಾಸ್ ಏಂಜಲೀಸ್‌ನ 62 ಮಹಡಿಗಳ ಫಸ್ಟ್ ಇಂಟರ್‌ಸ್ಟೇಟ್ ಬ್ಯಾಂಕ್ ಕಟ್ಟಡದ 12ನೇ ಮಹಡಿಯಲ್ಲಿ, ಅಡ್ಡಗೋಡೆಗಳಿಲ್ಲದ ಕಚೇರಿಯಲ್ಲಿ ಹೊತ್ತಿದ ಬೆಂಕಿ 16ನೇ ಮಹಡಿಯವರೆಗೂ ಏರಿತು. ಸ್ಪ್ರಿಂಕ್ಲರ್ ಅಳವಡಿಕೆ ಬಹುಪಾಲು ಮುಗಿದಿದ್ದರೂ ಅದಿನ್ನೂ ಚಾಲನೆಗೊಂಡಿರಲಿಲ್ಲ. ಒಡೆದ ಕಿಟಕಿಗಳ ಹೊರಗಿನಿಂದಲೂ, ನೆಲದ ಅಂಚಿಗೂ ಹೊರಹೊದಿಕೆಗೂ ನಡುವಿನ ಸಂದಿನಿಂದಲೂ ಜ್ವಾಲೆ ಮೇಲಕ್ಕೆ ನುಗ್ಗಿತು. ಲಿಫ್ಟ್‌ನಲ್ಲಿ ಬೆಂಕಿಯ ಮಹಡಿಗೇ ಹೋದ ನಿರ್ವಹಣಾ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು.

ಬೆಂಗಳೂರಿಗೂ ಇಂಥ ಬೆಂಕಿಯ ನೋವು ಗೊತ್ತಿದೆ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರು. ಅಲ್ಲಿ ಹೊಗೆಗೆ ದಾರಿಯಾದದ್ದು ವಾಸ್ತುಶಿಲ್ಪಿ ಹೆಮ್ಮೆಯಿಂದ ತೆರೆದಿಟ್ಟ ಅಂಗಳವಲ್ಲ, ವಿದ್ಯುತ್ ಕೇಬಲ್‌ಗಳು ಮಹಡಿಯಿಂದ ಮಹಡಿಗೆ ಹಾದುಹೋಗುವ ಶಾಫ್ಟ್. ತುರ್ತು ನಿರ್ಗಮನದ ಬಾಗಿಲುಗಳಿಗೆ ಬೀಗ ಬಿದ್ದಿತ್ತೆಂದು ಆಗ ವರದಿಯಾಯಿತು. ಉಸಿರಿಗಾಗಿ ಗಾಜು ಒಡೆದವರಲ್ಲಿ ಕೆಲವರು ಕೆಳಗೆ ಹಾರಿದರು. ಎಲ್ಲರ ಕಣ್ಣಿಗೆ ಬೀಳುವ ತೆರಪಿಗೆ ಎಂಜಿನಿಯರ್‌ ಲೆಕ್ಕ ಹಾಕಿರುತ್ತಾನೆ. ಕೇಬಲ್ ಎಳೆದ ಮೇಲೆ ಬೆಂಕಿನಿರೋಧಕ ವಸ್ತುವಿನಿಂದ ಮುಚ್ಚದೆ ಬಿಟ್ಟ ಅಂಗೈಯಗಲದ ತೂತಿನ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯು ಕಚೇರಿ ಕಟ್ಟಡದಲ್ಲಿ ನಿರ್ಗಮನಕ್ಕೆ ನಡೆಯಬೇಕಾದ ದೂರಕ್ಕೆ 30 ಮೀಟರ್ ಮಿತಿ ಹಾಕಿ, ಪೂರ್ಣವಾಗಿ ಸ್ಪ್ರಿಂಕ್ಲರ್ ಇರುವಲ್ಲಿ ಅದನ್ನು ಅರ್ಧದಷ್ಟು ಹೆಚ್ಚಿಸಲು ಅವಕಾಶ ನೀಡುತ್ತದೆ. ಆದರೆ ನಕ್ಷೆಗೆ ಅನುಮೋದನೆ ದೊರೆತ ಎಷ್ಟೋ ದಿನಗಳ ಮೇಲೆ ಬರುವ ಬಾಡಿಗೆದಾರರು ಗಾಜಿನ ಕ್ಯಾಬಿನ್ ಎಬ್ಬಿಸುತ್ತಾರೆ, ಮೇಜುಗಳ ಸಾಲು ಬದಲಿಸುತ್ತಾರೆ, ಸ್ಪ್ರಿಂಕ್ಲರ್‌ನ ತುಂತುರಿಗೆ ಅಡ್ಡವಾಗಿ ಅಲಂಕಾರದ ಫಲಕ ತೂಗುಹಾಕುತ್ತಾರೆ. ಆಗ ಕಾಗದದ ಮೇಲಿನ ದೂರವೂ ನಡೆಯಬೇಕಾದ ದೂರವೂ ಬೇರೆಬೇರೆಯಾಗುತ್ತವೆ. ಆದ್ದರಿಂದ ಒಳಾಂಗಣದ ಪ್ರತಿ ಬದಲಾವಣೆಯ ನಂತರವೂ ಹೊಗೆಫ್ಯಾನ್‌ಗಳನ್ನು ಓಡಿಸಿ ನೋಡುವ, ಶಾಫ್ಟ್‌ಗಳ ಬಾಗಿಲು ತೆಗೆದು ಪರೀಕ್ಷಿಸುವ ಹೊಣೆಯನ್ನು ಕಟ್ಟಡದ ಮಾಲೀಕರು ಹೊರಬೇಕು. ಅಲ್ಲಿ ಕೆಲಸ ಮಾಡುವವರು ತಮ್ಮ ಮಹಡಿಯ ತುರ್ತು ಮೆಟ್ಟಿಲನ್ನು ಒಮ್ಮೆಯಾದರೂ ಕೊನೆಯವರೆಗೆ ಇಳಿದು, ಕೆಳಗಿನ ಬಾಗಿಲು ತೆರೆಯುತ್ತದೆಯೇ ಎಂದು ನೋಡಬೇಕು.