ಎರಡು ಕಂಪ್ಯೂಟರಿಗೆ ಒಂದೇ ಕ್ಯಾಟಲಾಗ್

ಲೈಟ್‌ರೂಮ್ ಕ್ಲಾಸಿಕ್ ಒಳಗೆ ಒಂದೇ ಒಂದು ಮೂಲ ಫೋಟೊ ಇರುವುದಿಲ್ಲ. ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದವರಿಗೂ ಈ ಮಾತನ್ನು ಒಮ್ಮೆಗೇ ನಂಬಲಾಗದು. ಪರದೆ ತುಂಬ ಕಬಿನಿಯ ಆನೆಗಳೋ ಧಾರೆಗೆ ಕೂತ ಮದುಮಕ್ಕಳೋ ಕಾಣುತ್ತಿರುವಾಗ ಇಲ್ಲ ಎಂದರೆ ಹೇಗೆ? ಕಾಣುವುದು ಅವುಗಳ ಸಣ್ಣ ಪ್ರತಿಗಳು. ಅಸಲಿ ಫೋಟೊಗಳು ಹಾರ್ಡ್ ಡಿಸ್ಕಿನ ಯಾವುದೋ ಫೋಲ್ಡರಿನಲ್ಲಿ ತಮ್ಮ ಪಾಡಿಗೆ ತಾವಿರುತ್ತವೆ. ಯಾವ ಫೋಟೊ ಎಲ್ಲಿದೆ, ಅದಕ್ಕೆ ಎಷ್ಟು ಬೆಳಕು ಏರಿಸಿದೆ, ಎಲ್ಲಿ ಕತ್ತರಿಸಿದೆ, ಎಷ್ಟು ಸ್ಟಾರ್ ಕೊಟ್ಟಿದೆ ಎಂಬ ಲೆಕ್ಕವಷ್ಟೇ ಲೈಟ್‌ರೂಮಿನದು. ಆ ಲೆಕ್ಕದ ಪುಸ್ತಕವೇ ಕ್ಯಾಟಲಾಗ್.

ಅಡೋಬಿ 2007ರಲ್ಲಿ ಈ ತಂತ್ರಾಂಶವನ್ನು ಬಿಡುಗಡೆ ಮಾಡಿದಾಗ ಒಬ್ಬ ಫೋಟೊಗ್ರಾಫರ್, ಒಂದು ಕಂಪ್ಯೂಟರ್ ಎಂಬ ಲೆಕ್ಕಾಚಾರವೇ ಅದರ ತಳಹದಿಯಾಗಿತ್ತು. ಈಗ ಸ್ಟುಡಿಯೊದಲ್ಲಿ ದೊಡ್ಡ ಪರದೆಯ ಡೆಸ್ಕ್‌ಟಾಪ್, ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಎರಡೂ ಇರುತ್ತವೆ. ಹಗಲು ಅಲ್ಲಿ ತಿದ್ದಿದ್ದನ್ನು ರಾತ್ರಿ ಇಲ್ಲಿ ಮುಂದುವರಿಸಬೇಕು. ಅಡೋಬಿಯ ಪರವಾನಗಿಯೂ ಎರಡು ಕಂಪ್ಯೂಟರುಗಳಿಗೆ ಅವಕಾಶ ಕೊಡುತ್ತದೆ. ಏಕಕಾಲಕ್ಕೆ ಎರಡರಲ್ಲೂ ಬಳಸುವಂತಿಲ್ಲ, ಅಷ್ಟೆ. ತೊಡಕಿರುವುದು ಕ್ಯಾಟಲಾಗಿನಲ್ಲಿ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಮನೆಯ ನೆಟ್‌ವರ್ಕ್ ಡಿಸ್ಕಿನಲ್ಲಿ ಕ್ಯಾಟಲಾಗ್ ಇಟ್ಟು ಎರಡೂ ಕಡೆಯಿಂದ ತೆರೆಯುವುದು. ಲೈಟ್‌ರೂಮ್ ಖಡಾಖಂಡಿತವಾಗಿ ಒಲ್ಲೆ ಎನ್ನುತ್ತದೆ. ಫೋಟೊಗಳು ನೆಟ್‌ವರ್ಕಿನಲ್ಲಿದ್ದರೆ ಅಡ್ಡಿಯಿಲ್ಲ, ಕ್ಯಾಟಲಾಗ್ ಮಾತ್ರ ಕೂಡದು. ಇದು ಕಂಪನಿಯ ಮೊಂಡುತನದಂತೆ ಕಂಡರೂ ಹಿಂದೆ ಗಟ್ಟಿ ಕಾರಣವಿದೆ. ಕ್ಯಾಟಲಾಗ್ ಎಂಬುದು ಅಸಲಿಗೆ ಎಸ್‌ಕ್ಯೂಲೈಟ್ ಡೇಟಾಬೇಸ್. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ಪುಟ್ಟ ಡೇಟಾಬೇಸ್ ಇಂದು ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಐಫೋನಿನಲ್ಲೂ ಇದೆ. ಆಂಡ್ರಾಯ್ಡಿನಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳು ಕೂರುವುದೂ ಇದರಲ್ಲೇ. ಒಬ್ಬರು ಬರೆಯುವಾಗ ಇನ್ನೊಬ್ಬರು ಕೈಹಾಕದಂತೆ ತಡೆಯಲು ಅದು ಫೈಲಿಗೆ ಬೀಗ ಹಾಕುತ್ತದೆ. ನೆಟ್‌ವರ್ಕ್ ಡಿಸ್ಕುಗಳಲ್ಲಿ ಈ ಬೀಗ ಎಷ್ಟೋ ಸಲ ಸರಿಯಾಗಿ ಬೀಳುವುದಿಲ್ಲ ಎಂದು ಎಸ್‌ಕ್ಯೂಲೈಟ್ ತಯಾರಕರೇ ತಮ್ಮ ಕೈಪಿಡಿಯಲ್ಲಿ ಎಚ್ಚರಿಸಿದ್ದಾರೆ.

ಎರಡನೆಯ ಉಪಾಯ ಇನ್ನೂ ಆಕರ್ಷಕ, ಇನ್ನೂ ಅಪಾಯಕಾರಿ: ಕ್ಯಾಟಲಾಗನ್ನು ಡ್ರಾಪ್‌ಬಾಕ್ಸ್‌ನಂಥ ಫೋಲ್ಡರಿನಲ್ಲಿಡುವುದು. ಲೈಟ್‌ರೂಮ್ ತೆರೆದಿರುವಾಗ ಆ ಫೋಲ್ಡರನ್ನು ಇಣುಕಿ ನೋಡಿದರೆ ಕ್ಯಾಟಲಾಗಿನ ಪಕ್ಕ ಅದೇ ಹೆಸರಿನ, ಕೊನೆಯಲ್ಲಿ 'ವಾಲ್' ಎಂದಿರುವ ಫೈಲೊಂದು ಕಾಣುತ್ತದೆ. ಹೊಸ ತಿದ್ದುಪಡಿ ಮೊದಲು ಬೀಳುವುದು ಇದಕ್ಕೆ. ಮುಖ್ಯ ಫೈಲಿಗೆ ಸೇರುವುದು ಆಮೇಲೆ. ಎರಡೂ ಸೇರಿದರೇ ಲೆಕ್ಕ ಪೂರ್ತಿ. ಆದರೆ ಸಿಂಕ್ ಮಾಡುವ ತಂತ್ರಾಂಶಕ್ಕೆ ಅವು ಜೋಡಿ ಎಂಬ ಅರಿವಿಲ್ಲ. ಒಂದು ಈ ಗಳಿಗೆಯಲ್ಲಿ, ಇನ್ನೊಂದು ಐದು ನಿಮಿಷ ಬಿಟ್ಟು ಲ್ಯಾಪ್‌ಟಾಪಿಗೆ ತಲುಪಬಹುದು. ಆ ಮಧ್ಯೆ ಅಲ್ಲಿ ಕ್ಯಾಟಲಾಗ್ ತೆರೆದರೆ ಅದೃಷ್ಟವಿದ್ದರೆ ಕೊನೆಯ ಕೆಲವು ಎಡಿಟ್‌ಗಳಷ್ಟೇ ಮಾಯ. ಇಲ್ಲದಿದ್ದರೆ ಡೇಟಾಬೇಸೇ ಕೆಟ್ಟಿತು. ಎರಡೂ ಕಡೆ ತೆರೆದು ತಿದ್ದಿದರಂತೂ ಕ್ಯಾಟಲಾಗ್ ಎರಡಾಗುತ್ತದೆ. ಎರಡರಲ್ಲೂ ಅರ್ಧರ್ಧ ಕೆಲಸ, ಕೂಡಿಸುವ ಹೊಣೆ ಫೋಟೊಗ್ರಾಫರನ ತಲೆಗೆ.

ಹೆಚ್ಚಿನವರಿಗೆ ಸರಿಹೊಂದುವ ದಾರಿ ಇದಕ್ಕಿಂತ ತೀರಾ ಸಾದಾ. ಕ್ಯಾಟಲಾಗನ್ನು ಒಂದು ಹೊರಗಿನ ಎಸ್‌ಎಸ್‌ಡಿಯಲ್ಲಿಟ್ಟು, ಕೂತು ಕೆಲಸ ಮಾಡುವ ಕಂಪ್ಯೂಟರಿಗೆ ಅದನ್ನು ಚುಚ್ಚಿಕೊಂಡರಾಯಿತು. ಕ್ಯಾಟಲಾಗ್ ಒಂದೇ, ಒಂದು ಸಲಕ್ಕೆ ಒಂದೇ ಕಡೆ. ಗೊಂದಲಕ್ಕೆ ಜಾಗವೇ ಇಲ್ಲ.

ಆದರೂ ಮೊದಲ ದಿನವೇ ಒಂದು ಗಾಬರಿ ಕಾದಿರುತ್ತದೆ: ಎಲ್ಲ ಫೋಲ್ಡರುಗಳ ಮೇಲೂ ಪ್ರಶ್ನಾರ್ಥಕ ಚಿಹ್ನೆ. ಫೋಟೊ ಕಳೆದಿಲ್ಲ, ವಿಳಾಸ ಬದಲಾಗಿದೆ. ಎಸ್‌ಕ್ಯೂಲೈಟ್ ಫೈಲುಗಳನ್ನು ಬಿಚ್ಚಿ ತೋರಿಸುವ ಉಚಿತ ತಂತ್ರಾಂಶದಲ್ಲಿ ಕ್ಯಾಟಲಾಗಿನ ನಕಲೊಂದನ್ನು ತೆರೆದರೆ 'ಎಜಿ ಲೈಬ್ರರಿ ರೂಟ್ ಫೋಲ್ಡರ್' ಎಂಬ ಕೋಷ್ಟಕ ಸಿಗುತ್ತದೆ. ಅದರಲ್ಲಿ ಫೋಲ್ಡರಿನ ಪೂರ್ಣ ವಿಳಾಸ ಡ್ರೈವ್ ಅಕ್ಷರ ಸಮೇತ ದಾಖಲಾಗಿರುತ್ತದೆ. ಡೆಸ್ಕ್‌ಟಾಪಿನಲ್ಲಿ 'ಇ' ಆಗಿದ್ದ, ಫೋಟೊಗಳಿರುವ ಡಿಸ್ಕಿಗೆ ಲ್ಯಾಪ್‌ಟಾಪ್ 'ಎಫ್' ಎಂದು ಹೆಸರಿಟ್ಟರೆ ಆ ದಾಖಲೆ ಸುಳ್ಳಾಯಿತು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಎರಡೂ ಕಂಪ್ಯೂಟರುಗಳಲ್ಲಿ ಆ ಡಿಸ್ಕಿಗೆ ಒಂದೇ ಅಕ್ಷರ, ಪಟ್ಟಿಯ ಕೊನೆಯ ಕಡೆಯದನ್ನು, ಖಾಯಂ ಮಾಡಿಬಿಟ್ಟರೆ ಈ ಕಾಟ ತಪ್ಪುತ್ತದೆ. ಒಂದು ಮ್ಯಾಕ್, ಒಂದು ವಿಂಡೋಸ್ ಇದ್ದರೆ ಡಿಸ್ಕನ್ನು ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಬೇಕು. ಆ ವಿಧಾನದಲ್ಲಿ ಜರ್ನಲ್ ಎಂಬ ರಕ್ಷಣೆ ಇಲ್ಲ. ಇಜೆಕ್ಟ್ ಮಾಡದೆ ಕೇಬಲ್ ಕಿತ್ತರೆ ಡೇಟಾ ಕೆಡುವ ಸಂಭವ ಹೆಚ್ಚು.

ಹಾಗಾದರೆ ಟಿಬಿಗಟ್ಟಲೆ ಫೋಟೊಗಳನ್ನೂ ಹೊತ್ತು ತಿರುಗಬೇಕೆ? ಬೇಕಿಲ್ಲ. 2013ರಲ್ಲಿ ಲೈಟ್‌ರೂಮ್ 5ರ ಜೊತೆ ಬಂದ ಸ್ಮಾರ್ಟ್ ಪ್ರಿವ್ಯೂ ಈ ಭಾರವನ್ನು ಇಳಿಸಿತು. ಉದ್ದದ ಬದಿ ಸುಮಾರು 2540 ಪಿಕ್ಸೆಲ್ ಇರುವ, ಕುಗ್ಗಿಸಿದ ಡಿಎನ್‌ಜಿ ಪ್ರತಿ ಅದು. ಅಡೋಬಿಯೇ ಕೊಡುವ ಲೆಕ್ಕದಂತೆ 14 ಜಿಬಿ ತೂಗುವ 500 ರಾ ಫೋಟೊಗಳ ಸ್ಮಾರ್ಟ್ ಪ್ರಿವ್ಯೂ ಬರೀ 400 ಎಂಬಿ. ಮೂಲ ಫೋಟೊಗಳು ಮನೆಯ ಡಿಸ್ಕಿನಲ್ಲೇ ಇರಲಿ, ರೈಲಿನಲ್ಲಿ ಕೂತು ಬಣ್ಣ, ಬೆಳಕು, ಕ್ರಾಪ್ ಎಲ್ಲ ತಿದ್ದಬಹುದು. ವಾಪಸು ಬಂದು ಡಿಸ್ಕ್ ಜೋಡಿಸಿದಾಗ ತಿದ್ದುಪಡಿ ಮೂಲ ಫೋಟೊಗೇ ಅನ್ವಯವಾಗುತ್ತದೆ. ಆದರೆ ನಿಕಾನ್ ಝಡ್8ರಂಥ ಕ್ಯಾಮೆರಾದ ಚಿತ್ರ 8256 ಪಿಕ್ಸೆಲ್ ಅಗಲ. ಹಕ್ಕಿಯ ಕಣ್ಣು ಚೂಪಾಗಿದೆಯೇ ಎಂಬುದನ್ನು 2540ರಲ್ಲಿ ನೋಡಿ ತೀರ್ಮಾನಿಸಿ ಅಳಿಸಿಹಾಕುವುದು ದುಡುಕು.

ಎಡಿಟ್ ವಿವರವನ್ನು ಫೋಟೊ ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲಿನಲ್ಲಿ ಬರೆದಿಡುವ ಪದ್ಧತಿಯೂ ಇದೆ. ಉಚಿತ ತಂತ್ರಾಂಶ ಡಾರ್ಕ್‌ಟೇಬಲ್ ಕೂಡ ಇದನ್ನು ಪಾಲಿಸುತ್ತದೆ. ಲೈಟ್‌ರೂಮೂ ಬರೆಯಬಲ್ಲುದು, ಆದರೆ ಕಲೆಕ್ಷನ್, ವರ್ಚುವಲ್ ಕಾಪಿಗಳು ಅದರಲ್ಲಿ ಬರುವುದಿಲ್ಲ. ಎಲ್ಲವನ್ನೂ ಕ್ಲೌಡಿಗೆ ಏರಿಸುವ ಬೇರೊಂದು ಲೈಟ್‌ರೂಮನ್ನು ಅಡೋಬಿ 2017ರಲ್ಲಿ ತಂದಿತು. ಒಂದು ಮದುವೆಯ 50 ಜಿಬಿಯನ್ನು ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಏರಿಸಲು ಐದೂವರೆ ತಾಸು ಬೇಕು. ಅದೂ ಲೈನ್ ಕಡಿದುಹೋಗದಿದ್ದರೆ. ಸೀಸನ್ನಿನಲ್ಲಿ ದಿನಕ್ಕೆರಡು ಮದುವೆ ಹಿಡಿಯುವ ಸ್ಟುಡಿಯೊಗೆ ಇದು ಆಗುವ ಮಾತಲ್ಲ. ಅಂಥವರು ಪ್ರವಾಸಕ್ಕೆಂದೇ ಲ್ಯಾಪ್‌ಟಾಪಿನಲ್ಲಿ ಚಿಕ್ಕ ಕ್ಯಾಟಲಾಗ್ ಮಾಡಿಕೊಂಡು, ಮರಳಿದ ಮೇಲೆ 'ಇಂಪೋರ್ಟ್ ಫ್ರಮ್ ಅನದರ್ ಕ್ಯಾಟಲಾಗ್' ಮೂಲಕ ದೊಡ್ಡದಕ್ಕೆ ಸೇರಿಸಿಕೊಳ್ಳುವುದು ಮೇಲು. ಎಡಿಟ್, ಸ್ಟಾರ್, ಕಲೆಕ್ಷನ್ ಎಲ್ಲ ಜೊತೆಗೇ ಬರುತ್ತವೆ.

ಎಸ್‌ಎಸ್‌ಡಿ ಹೊತ್ತು ತಿರುಗುವವರು ಇವತ್ತೇ ನೋಡಿಕೊಳ್ಳಬೇಕಾದ ಸೆಟ್ಟಿಂಗ್ ಒಂದಿದೆ. ಮುಚ್ಚುವಾಗ ಬ್ಯಾಕಪ್ ಬೇಕೇ ಎಂದು ಲೈಟ್‌ರೂಮ್ ಕೇಳುತ್ತದಲ್ಲ, ಆ ಬ್ಯಾಕಪ್ ತಾನಾಗಿ ಹೋಗಿ ಕೂರುವುದು ಕ್ಯಾಟಲಾಗಿನ ಪಕ್ಕದ ಫೋಲ್ಡರಿನಲ್ಲೇ, ಅಂದರೆ ಅದೇ ಎಸ್‌ಎಸ್‌ಡಿಯಲ್ಲಿ. ಡಿಸ್ಕ್ ಕಳೆದರೆ ಎರಡೂ ಹೋದಂತೆ. ಅದೇ ಕಿಟಕಿಯಲ್ಲಿ ಜಾಗ ಬದಲಿಸಿ ಡೆಸ್ಕ್‌ಟಾಪಿನ ಡಿಸ್ಕ್ ತೋರಿಸಿ. ಆ ಬ್ಯಾಕಪ್‌ನಲ್ಲಿ ಫೋಟೊಗಳಿರುವುದಿಲ್ಲ. ಅವುಗಳ ನಕಲನ್ನು ಬೇರೆಯಾಗಿಯೇ ತೆಗೆದಿಡಬೇಕು.